ಒಂದು ಇಂಗ್ಲಿಷು, ಊರಿಗೊಂದು ಬಾಯಿ

1962ರ ನವೆಂಬರಿನಲ್ಲಿ ವಿಲಿಯಂ ಲಬೋವ್ ಎಂಬ ಯುವ ಸಂಶೋಧಕರು ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ ಗಿರಾಕಿಯ ಹಾಗೆ ಓಡಾಡಿದರು. ಸ್ಯಾಕ್ಸ್ ಸಿರಿವಂತರ ಅಂಗಡಿ, ಮೇಸೀಸ್ ಮಧ್ಯಮ ವರ್ಗದ್ದು, ಎಸ್. ಕ್ಲೈನ್ ಅಗ್ಗದ ಸರಕಿನದು. ನಾಲ್ಕನೇ ಮಹಡಿಯಲ್ಲಿ ಯಾವ ಸಾಮಾನು ಇಟ್ಟಿದ್ದಾರೆಂದು ಮೊದಲೇ ತಿಳಿದುಕೊಂಡು, ಅದು ಎಲ್ಲಿ ಸಿಗುತ್ತದೆ ಎಂದು ಅಲ್ಲಿನ ಕೆಲಸದವರನ್ನು ಕೇಳುವುದು. ‘ಫೋರ್ತ್ ಫ್ಲೋರ್’ ಎಂಬ ಉತ್ತರ ಬಂದ ಮೇಲೆ, ಸರಿಯಾಗಿ ಕೇಳಿಸಲಿಲ್ಲವೆಂಬಂತೆ ಮುಂದಕ್ಕೆ ಬಾಗಿ ಇನ್ನೊಮ್ಮೆ ಹೇಳಿಸುವುದು. ಆಮೇಲೆ ಅವರ ಕಣ್ಣಿಗೆ ಬೀಳದ ಕಡೆ ಹೋಗಿ, ಎರಡು ಪದಗಳಲ್ಲಿ ‘ರ್’ ಕೇಳಿಸಿತೋ ಇಲ್ಲವೋ ಎಂದು ಗುರುತು ಹಾಕಿಕೊಳ್ಳುವುದು. ಹೀಗೆ 264 ಜನರ ಮಾತು ಸಿಕ್ಕಿತು. ತಾವು ಭಾಷಾವಿಜ್ಞಾನದ ಚರಿತ್ರೆಗೆ ಸೇರಿಹೋದೆವೆಂದು ಆ ಸೇಲ್ಸ್‌ನವರಿಗೆ ಯಾರಿಗೂ ಗೊತ್ತಾಗಲಿಲ್ಲ.

ಸ್ಯಾಕ್ಸಿನಲ್ಲಿ ನೂರಕ್ಕೆ 62 ಮಂದಿ ಒಂದು ಕಡೆಯಾದರೂ ರಕಾರವನ್ನು ನುಡಿದಿದ್ದರು. ಮೇಸೀಸಿನಲ್ಲಿ 51, ಕ್ಲೈನಿನಲ್ಲಿ 20. ಮೂರೂ ಕಡೆ ಮಾಡುವ ಕೆಲಸ ಒಂದೇ ಬಗೆಯದು. ಗಿರಾಕಿಗಳ ಅಂತಸ್ತು ಮಾತ್ರ ಕೆಲಸದವರ ನಾಲಿಗೆಗೆ ಅಂಟಿಕೊಂಡಿತ್ತು. ಇದಕ್ಕಿಂತ ನನಗೆ ಹೆಚ್ಚು ಹಿಡಿಸುವುದು ಮೇಸೀಸಿನವರ ಎರಡನೇ ಉತ್ತರ. ಬಿಡಿಸಿ ಹೇಳಬೇಕಾಗಿ ಬಂದಾಗ, ಮೊದಲು ‘ಫ್ಲೋಅ’ ಎಂದು ಮುಗಿಸಿದ್ದ ಎಷ್ಟೋ ಜನ ‘ಫ್ಲೋರ್’ ಎಂದು ತಿದ್ದಿಕೊಂಡರು. ಯಾವುದು ‘ಒಳ್ಳೆಯ’ ಇಂಗ್ಲಿಷು ಎಂದು ಅವರಿಗೆ ಗೊತ್ತಿತ್ತು. ಯಾರಾದರೂ ಗಮನಿಸುತ್ತಿದ್ದಾರೆ ಅನ್ನಿಸಿದಾಗ ಮಾತ್ರ ಅದು ಬಾಯಿಗೆ ಬರುತ್ತಿತ್ತು. ಮಧ್ಯಮ ವರ್ಗದ ಅಳುಕು ಇಷ್ಟು ಸ್ಪಷ್ಟವಾಗಿ ಒಂದು ವ್ಯಂಜನದಲ್ಲಿ ಸಿಕ್ಕಿಬಿದ್ದದ್ದು ಬೇರೆಲ್ಲೂ ಇರಲಾರದು.

ಈಗ ಇದೇ ರಕಾರವನ್ನು ಹಡಗು ಹತ್ತಿಸಿ ಲಂಡನ್ನಿಗೆ ಒಯ್ಯಿರಿ. ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅಲ್ಲಿ ‘ಕಾ’, ‘ಫಾಮ್’, ‘ಫೋತ್ ಫ್ಲೋ’ ಎನ್ನುವವರು ದೊಡ್ಡ ಶಾಲೆಗಳಲ್ಲಿ ಓದಿದವರು. ‘ಫಾರ್ಮ್’ ಎಂದು ರಕಾರವನ್ನು ಹೊರಳಿಸುವವರು ಸಾಮರ್ಸೆಟ್, ಡೆವನ್ ಕಡೆಯ ಬೇಸಾಯಗಾರರು. ಇಂಗ್ಲಿಷ್ ಹಾಸ್ಯ ನಾಟಕದಲ್ಲಿ ಹಳ್ಳಿಯವನ ಪಾತ್ರಕ್ಕೆ ಮೊದಲು ಕೊಡುವ ಆಭರಣವೇ ಆ ರಕಾರ. ಅದೇ ಸದ್ದು ಒಂದು ಊರಿನಲ್ಲಿ ಸಿರಿವಂತಿಕೆ, ಇನ್ನೊಂದು ಊರಿನಲ್ಲಿ ಹಳ್ಳಿಗಮಾರತನ. ಉಚ್ಚಾರಣೆಯ ‘ಶುದ್ಧಿ’ ಸದ್ದಿನೊಳಗೆ ಇರುವ ಗುಣವಾಗಿದ್ದರೆ ಹೀಗಾಗಲು ಸಾಧ್ಯವಿರಲಿಲ್ಲ. ಈ ವಿಷಯದಲ್ಲಿ ನನ್ನ ವಾದವೂ ಇಷ್ಟೇ: ಇಂಗ್ಲಿಷಿನ ಸರಿ ಉಚ್ಚಾರಣೆ ಯಾವುದು ಎಂಬ ಪ್ರಶ್ನೆಯಲ್ಲಿ ಅರ್ಧ ಭಾಗ ಸದ್ದಿಗೆ ಸಂಬಂಧಿಸಿದ್ದು, ಇನ್ನರ್ಧ ಕೇಳುವವರಿಗೆ ಸಂಬಂಧಿಸಿದ್ದು. ಎರಡನ್ನೂ ಬೇರ್ಪಡಿಸಿ ನೋಡದೆ ನಾವು ಶತಮಾನದಿಂದ ನಾಲಿಗೆಯನ್ನಷ್ಟೇ ತಿಕ್ಕುತ್ತಿದ್ದೇವೆ.

ರಕಾರದ ಕತೆಗೆ ಕಾಲದ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. 1607ರಲ್ಲಿ ಜೇಮ್ಸ್‌ಟೌನಿಗೆ, 1620ರಲ್ಲಿ ಪ್ಲಿಮತ್ತಿಗೆ ಹೋದ ವಲಸಿಗರು ಸ್ವರದ ಬೆನ್ನಿಗೆ ಬರುವ ರಕಾರವನ್ನು ನುಡಿಯುತ್ತಿದ್ದ ಇಂಗ್ಲೆಂಡಿನಿಂದ ಹೋದವರು. ಲಂಡನ್ ಸುತ್ತಮುತ್ತ ಆ ರಕಾರ ಸವೆದುಹೋದದ್ದು ಮುಖ್ಯವಾಗಿ ಹದಿನೆಂಟನೇ ಶತಮಾನದಲ್ಲಿ. 1791ರಲ್ಲಿ ಜಾನ್ ವಾಕರ್ ತಮ್ಮ ಉಚ್ಚಾರಣಾ ನಿಘಂಟಿನಲ್ಲಿ, ಲಂಡನ್ನಿನವರ ಬಾಯಲ್ಲಿ ‘ಕಾರ್ಡ್’, ‘ಬಾರ್ಡ್’ ಮುಂತಾದವುಗಳ ರಕಾರ ಗಂಟಲಲ್ಲೇ ಕರಗಿ ಬರೀ ಉದ್ದ ಆಕಾರವಾಗಿ ಉಳಿದಿದೆ ಎಂದು ಗುರುತಿಸಿದ್ದಾರೆ. ಆಸ್ಟ್ರೇಲಿಯಕ್ಕೆ ಮೊದಲ ಹಡಗುಗಳು ಮುಟ್ಟಿದ್ದು 1788ರಲ್ಲಿ. ಹೀಗಾಗಿ ಅಮೆರಿಕದ ಬಹುಭಾಗ ರಕಾರವನ್ನು ಉಳಿಸಿಕೊಂಡಿತು, ಆಸ್ಟ್ರೇಲಿಯ ರಕಾರವಿಲ್ಲದೆಯೇ ಹುಟ್ಟಿತು. ಲಂಡನ್ನಿನ ಜೊತೆ ವ್ಯಾಪಾರ, ಬಂಧುತ್ವ ಬಿಡದ ಬಾಸ್ಟನ್, ಚಾರ್ಲ್ಸ್‌ಟನ್ನಿನಂಥ ರೇವು ಪಟ್ಟಣಗಳಿಗೆ ಹೊಸ ಫ್ಯಾಷನ್ ಕಡಲು ದಾಟಿ ಬಂತು, ರಕಾರ ಬಿದ್ದಿತು. ನ್ಯೂಯಾರ್ಕಿನ ದೊಡ್ಡಮನೆಯವರೂ ಹಾಗೆಯೇ ನುಡಿಯುತ್ತಿದ್ದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ರೇಡಿಯೋ ಭಾಷಣಗಳನ್ನು ಕೇಳಿದರೆ ಇಂದಿನ ಅಮೆರಿಕನ್ನರಿಗೆ ಬ್ರಿಟಿಷನ ಛಾಯೆ ಕಾಣುತ್ತದೆ. ಎರಡನೇ ಮಹಾಯುದ್ಧದ ನಂತರ ಗಾಳಿ ತಿರುಗಿತು. ಆ ತಿರುವಿನ ಹೊತ್ತಿನಲ್ಲೇ ಲಬೋವ್ ಅಂಗಡಿ ಹೊಕ್ಕದ್ದು.

ಸ್ವರಗಳ ವಿಷಯ ಇನ್ನೂ ಗೋಜಲು. 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದವು. ಅದನ್ನು ‘ಮಹಾ ಸ್ವರಪಲ್ಲಟ’ ಎನ್ನುತ್ತಾರೆ. ಹೆಸರು ಎನ್ನುವುದಕ್ಕೆ ‘ನಾಮ’ದ ಹಾಗೆ ಕೇಳಿಸುತ್ತಿದ್ದ ಪದ ‘ನೇಮ್’ ಆಯಿತು, ‘ಹೂಸ್’ ಎಂದಿದ್ದ ಮನೆ ‘ಹೌಸ್’ ಆಯಿತು. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಅಚ್ಚುಕೂಟ ತೆರೆದದ್ದು 1476ರಲ್ಲಿ, ಅಂದರೆ ಈ ಪಲ್ಲಟ ನಡೆಯುತ್ತಿದ್ದಾಗಲೇ. ಅಚ್ಚಿನ ಮೊಳೆ ಕಾಗುಣಿತವನ್ನು ಗಟ್ಟಿ ಮಾಡುತ್ತ ಹೋಯಿತು, ಬಾಯಿ ಮಾತ್ರ ನಿಲ್ಲದೆ ಮುಂದೆ ಹೋಯಿತು. ಬರೆದದ್ದನ್ನು ಬರೆದಂತೆಯೇ ಓದುವ ಕನ್ನಡದ ಮಕ್ಕಳು ಇಂಗ್ಲಿಷಿನ ಮೊದಲ ಪಾಠದಲ್ಲೇ ತಬ್ಬಿಬ್ಬಾಗುವುದು ಇದರಿಂದ.

ಆಮೇಲೆ ಊರೂರಿಗೂ ಬೇರೆಬೇರೆ ಪಲ್ಲಟ. ‘ಗ್ಲಾಸ್’, ‘ಬಾತ್’, ‘ಲಾಸ್ಟ್’ ಗುಂಪಿನ ಪದಗಳನ್ನು ದಕ್ಷಿಣ ಇಂಗ್ಲೆಂಡಿನವರು ಉದ್ದಕ್ಕೆ ‘ಆ’ ಎಂದು ಎಳೆಯುತ್ತಾರೆ. ಲೀಡ್ಸ್, ಮ್ಯಾಂಚೆಸ್ಟರ್ ಕಡೆಯವರಿಗೆ ಅಲ್ಲಿರುವುದು ‘ಬ್ಯಾಟ್’ನಲ್ಲಿರುವ ಹ್ರಸ್ವ ಸ್ವರವೇ. ಅಮೆರಿಕದವರೂ ‘ಗ್ಲ್ಯಾಸ್’ ಎನ್ನುವವರು. ಇಂದು ಈ ಉದ್ದ ಆಕಾರ ಗಣ್ಯರ ಗುರುತು. ಆದರೆ ವಾಕರ್ ಅದನ್ನು ಹಲವು ಪದಗಳಲ್ಲಿ ಅಸಭ್ಯದ ಅಂಚಿನ ಉಚ್ಚಾರಣೆಯೆಂದು ತಳ್ಳಿಹಾಕಿದ್ದರು! ಮೂಗು ಮುರಿಸಿಕೊಂಡ ಸದ್ದು ಮೂರು ತಲೆಮಾರು ಕಳೆಯುವಷ್ಟರಲ್ಲಿ ಅರಮನೆಯ ಸದ್ದಾಯಿತು. ‘ಕಪ್’, ‘ಬಸ್’, ‘ಲವ್’ ಪದಗಳದ್ದೂ ಇಂಥದೇ ಗಡಿ. ದಕ್ಷಿಣದಲ್ಲಿ ಅಕಾರ, ಉತ್ತರದಲ್ಲಿ ‘ಕುಪ್’, ‘ಬುಸ್’. ಹಳೆಯದು ಉತ್ತರದವರದ್ದು; ಹೊಸ ಚಾಳಿ ಹಿಡಿದವರು ದಕ್ಷಿಣದವರು.

ಈ ಗಡಿಯ ಯಾವ ಬದಿಯ ಇಂಗ್ಲಿಷು ಕನ್ನಡಿಗರ ಬಾಯಿಗೆ ಬಂದಿದೆ ಎಂದು ನೋಡುವುದು ಸುಲಭ. ಗ್ಲಾಸು, ಕ್ಲಾಸು, ಪಾಸು, ಮಾಸ್ಟರು ಎನ್ನುತ್ತೇವೆ. ಬ್ಯಾಂಕು, ಬ್ಯಾಗು, ಮ್ಯಾಪು ಎನ್ನುತ್ತೇವೆ. ಕಾಗುಣಿತದಲ್ಲಿ ಎರಡು ಗುಂಪಿಗೂ ಇರುವುದು ಅದೇ ‘ಎ’ ಅಕ್ಷರ. ಇಂಗ್ಲಿಷಿನ ಒಂದಕ್ಷರವೂ ಬಾರದ ಅಜ್ಜಿಯೂ ‘ಗ್ಲಾಸಿ’ನಲ್ಲಿ ಆಕಾರವನ್ನೂ ‘ಬ್ಯಾಗಿ’ನಲ್ಲಿ ಆ್ಯಕಾರವನ್ನೂ ತಪ್ಪದೆ ಇಡುತ್ತಾರೆ. ಯಾರ್ಕ್‌ಷೈರಿನವರು ಕಾಣದ ಭೇದವನ್ನು ಮಂಡ್ಯದ ಅಜ್ಜಿ ಕಾಪಾಡಿಕೊಂಡಿದ್ದಾರೆ. ‘ಡ್ಯಾನ್ಸ್’ ಒಂದು ಸಾಲಿನಿಂದ ಆಚೆ ನಿಂತಿದೆ. ‘ಡಾನ್ಸ್’ ಎನ್ನುವವರೂ ಉಂಟು. ಹಾಗೆಯೇ ಬಸ್ಸು ಬಸ್ಸೇ, ಬುಸ್ಸಲ್ಲ.

ಹಾಗಾದರೆ ನಮ್ಮದು ಲಂಡನ್ನಿನ ಇಂಗ್ಲಿಷೇ? ರಕಾರ ಕೇಳಿ ನೋಡಿ. ಡಾಕ್ಟರು, ಕಾರು, ಬೋರ್ಡು, ಗೌರ್ಮೆಂಟು. ಲಂಡನ್ನಿನವರು ಎಂದೋ ಕೈಬಿಟ್ಟ ರಕಾರವನ್ನು ನಾವು ಒಂದೂ ಬಿಡದೆ ನುಡಿಯುತ್ತೇವೆ. ಅದು ಬಂದದ್ದು ಪುಸ್ತಕದಿಂದ. ಅಕ್ಷರ ಇದ್ದ ಮೇಲೆ ಸದ್ದು ಇರಲೇಬೇಕು ಎಂಬುದು ಕನ್ನಡಿಗರ ಓದಿನ ಧರ್ಮ. ಇದೇ ಧರ್ಮದಿಂದ ‘ವೆಡ್ನೆಸ್‌ಡೇ’ಯ ಡಕಾರವೂ ‘ಸಮ್ಮರ್’, ‘ರನ್ನಿಂಗ್’ಗಳ ಒತ್ತಕ್ಷರವೂ ಬಂದವು. ಇಂಗ್ಲಿಷಿನಲ್ಲಿ ಜೋಡಿ ಅಕ್ಷರ ಬರೆದರೂ ಒಂದೇ ಸದ್ದು. ಕನ್ನಡದಲ್ಲಿ ‘ಕತೆ’ ಬೇರೆ, ‘ಕತ್ತೆ’ ಬೇರೆ, ಹಾಗಾಗಿ ಜೋಡಿ ಕಂಡರೆ ಒತ್ತು ಕೊಡದೆ ನಮ್ಮ ನಾಲಿಗೆಗೆ ಸಮಾಧಾನವಿಲ್ಲ. ಕ್ರಿಕೆಟ್ ವರದಿಗಳಲ್ಲಿ ‘ಇನಿಂಗ್ಸ್’, ‘ಇನ್ನಿಂಗ್ಸ್’ ಎಂದು ಎರಡು ಬಗೆಯ ಕಾಗುಣಿತ ಓಡಾಡುವುದರ ಹಿಂದೆಯೂ ಇದೇ ಇದೆ.

ಕಲಿಸಿದವರಾದರೂ ಯಾರು? ಕರ್ನಾಟಕದಲ್ಲಿ ಶಾಲೆ ತೆರೆದ ಮಿಷನ್ನುಗಳನ್ನು ನೆನೆಸಿಕೊಳ್ಳಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮನೆಮಾತು ಜರ್ಮನ್. ಅದೇ ಊರಿನಲ್ಲಿ 1880ರಲ್ಲಿ ಸಂತ ಅಲೋಷಿಯಸ್ ಕಾಲೇಜು ಕಟ್ಟಿದ ಜೆಸ್ವಿಟ್ ಪಾದ್ರಿಗಳು ಇಟಲಿಯಿಂದ ಬಂದವರು. ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನು ಮೊದಲು ನಡೆಸಿದವರು ಫ್ರೆಂಚ್ ಪಾದ್ರಿಗಳು. ಇವರಿಂದ ಕಲಿತ ಕನ್ನಡಿಗರು ಮುಂದಿನ ಕನ್ನಡಿಗರಿಗೆ ಕಲಿಸಿದರು. ಆಕ್ಸ್‌ಫರ್ಡಿನ ಬಾಯಿ ನಮ್ಮ ಹಳ್ಳಿಯ ಹೈಸ್ಕೂಲನ್ನು ಎಂದೂ ಮುಟ್ಟಲಿಲ್ಲ; ಮುಟ್ಟಿದ್ದು ಅದರ ಪುಸ್ತಕ. ಹಾಗಿದ್ದೂ ತಪ್ಪು-ಒಪ್ಪು ಅಳೆಯುವ ಕೋಲು ಮಾತ್ರ ಆಕ್ಸ್‌ಫರ್ಡಿನದೇ ಆಗಿ ಉಳಿದದ್ದು ವಿಚಿತ್ರ.

ಆ ಕೋಲನ್ನು ಮಾಡಿದವರ ಹಿನ್ನೆಲೆಯೂ ತಮಾಷೆಯದೇ. 1761ರಲ್ಲಿ ಎಡಿನ್‌ಬರೋದ ಸಂಭಾವಿತ ಸ್ಕಾಟರಿಗೆ ಲಂಡನ್ನಿನವರ ಹಾಗೆ ಮಾತಾಡುವುದು ಹೇಗೆಂದು ಉಪನ್ಯಾಸ ಕೊಟ್ಟವರು ಥಾಮಸ್ ಶೆರಿಡನ್. ಆತ ಐರ್ಲೆಂಡಿನವರು! ಮುಂದೆ 1780ರಲ್ಲಿ ಉಚ್ಚಾರಣಾ ನಿಘಂಟನ್ನೂ ತಂದರು. ವಾಕರರ ನಿಘಂಟಿನಲ್ಲಿ ಸ್ಕಾಟರು, ಐರಿಷರು, ಲಂಡನ್ನಿಗರು ತಂತಮ್ಮ ದೋಷ ಕಳೆದುಕೊಳ್ಳಲು ಪ್ರತ್ಯೇಕ ನಿಯಮಗಳಿದ್ದವು. ಲಂಡನ್ನಿನ ಸಾಮಾನ್ಯರೂ ರೋಗಿಗಳ ಪಟ್ಟಿಯಲ್ಲಿದ್ದರೆಂಬುದನ್ನು ಗಮನಿಸಬೇಕು. 1917ರಲ್ಲಿ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ತಮ್ಮ ಉಚ್ಚಾರಣಾ ನಿಘಂಟಿಗೆ ಆಧಾರವಾಗಿ ಇಟ್ಟುಕೊಂಡದ್ದು ವಸತಿ ಶಾಲೆಗಳಲ್ಲಿ ಓದಿದ ಮೇಲ್ವರ್ಗದವರ ನುಡಿ. ಆಮೇಲೆ ಅದಕ್ಕೆ ‘ರಿಸೀವ್ಡ್ ಪ್ರೊನನ್ಸಿಯೇಷನ್’, ಚುಟುಕಾಗಿ ಆರ್.ಪಿ. ಎಂಬ ಹೆಸರು ನಿಂತಿತು. 1926ರಲ್ಲಿ ಬಿಬಿಸಿ ಉಚ್ಚಾರಣೆಗೆಂದೇ ಒಂದು ಸಲಹಾ ಸಮಿತಿ ಮಾಡಿತು. ಆಸ್ಥಾನಕವಿ ರಾಬರ್ಟ್ ಬ್ರಿಡ್ಜಸ್ ಅಧ್ಯಕ್ಷರು. 1930ರಲ್ಲಿ ಅವರು ತೀರಿಕೊಂಡ ಮೇಲೆ ಆ ಕುರ್ಚಿಯಲ್ಲಿ ಕೂತವರು ಬರ್ನಾರ್ಡ್ ಷಾ, ಮತ್ತೊಬ್ಬ ಐರಿಷರು. ಹೂ ಮಾರುವ ಹುಡುಗಿಗೆ ಉಚ್ಚಾರಣೆ ಕಲಿಸಿ ಶ್ರೀಮಂತರ ಸಭೆಗೆ ನುಗ್ಗಿಸುವ ‘ಪಿಗ್ಮೇಲಿಯನ್’ ನಾಟಕ ಬರೆದವರು ದೇಶದ ರೇಡಿಯೋಗೆ ಉಚ್ಚಾರಣೆಯ ಯಜಮಾನರಾದರು. ಇಂಗ್ಲೆಂಡಿನವರಿಗೆ ಇಂಗ್ಲಿಷ್ ಕಲಿಸುವ ಗುತ್ತಿಗೆ ಐರಿಷರದ್ದೇ ಇರಬೇಕು.

1941ರಲ್ಲಿ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸಿನವರಾದ ವಿಲ್‌ಫ್ರೆಡ್ ಪಿಕಲ್ಸ್ ಬಿಬಿಸಿಯ ರಾಷ್ಟ್ರೀಯ ವಾರ್ತೆ ಓದಿದರು. ಅವರ ಬಾಯಿಯನ್ನು ಜರ್ಮನ್ನರು ನಕಲು ಮಾಡಲಾರರು ಎಂಬ ಯುದ್ಧಕಾಲದ ಲೆಕ್ಕಾಚಾರವೂ ಅದರ ಹಿಂದಿತ್ತೆಂದು ಹೇಳುತ್ತಾರೆ. ಕೇಳುಗರು ಗಲಾಟೆ ಎಬ್ಬಿಸಿದರು. ಹೀಗೆ ಮಾತಾಡುವವರು ಓದಿದ ಸುದ್ದಿಯನ್ನು ನಂಬುವುದು ಹೇಗೆ ಎಂಬುದು ಹಲವರ ಆಕ್ಷೇಪ. ಇಂದು ಅದೇ ಬಿಬಿಸಿಯಲ್ಲಿ ಸ್ಕಾಟ್ಲೆಂಡಿನ, ವೇಲ್ಸಿನ, ಉತ್ತರ ಇಂಗ್ಲೆಂಡಿನ ದನಿಗಳು ಮಾಮೂಲು. ಆರ್.ಪಿ. ನುಡಿಯುವವರು ಬ್ರಿಟನ್ನಿನ ಜನರಲ್ಲಿ ನೂರಕ್ಕೆ ಮೂವರಷ್ಟೇ ಎಂದು ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ 1970ರ ದಶಕದಲ್ಲೇ ಅಂದಾಜು ಮಾಡಿದ್ದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಶಿಕ್ಷಕರು ಆ ಮೂವರ ಸ್ವರಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಿದ್ದರು.

ಒಂದು ಅಕ್ಷರದ ಹೆಸರಿನಲ್ಲೇ ಜಾತಿ-ಮತ ತಿಳಿಯುವ ಜಾಗಗಳೂ ಇವೆ. ಉತ್ತರ ಐರ್ಲೆಂಡಿನಲ್ಲಿ ‘ಎಚ್’ ಎನ್ನುವವರು ಪ್ರಾಟೆಸ್ಟೆಂಟರು, ‘ಹೇಚ್’ ಎನ್ನುವವರು ಕ್ಯಾಥೊಲಿಕರು ಎಂಬುದು ಮನೆಮಾತು. ಅಲ್ಲಿನ ಗಲಭೆಯ ದಿನಗಳಲ್ಲಿ ಬೀದಿಯಲ್ಲಿ ಅಪರಿಚಿತರಿಂದ ಅಕ್ಷರಮಾಲೆ ಹೇಳಿಸಿದರೆ ಅದು ಹುಡುಗಾಟವಾಗಿರುತ್ತಿರಲಿಲ್ಲ. ಕನ್ನಡ ಪತ್ರಿಕೆಗಳೂ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ಅದೇ ರಾಜಕಾರಣಿಯ ಹೆಸರು ಒಂದರಲ್ಲಿ ‘ಎಚ್.’ ಎಂದು, ಇನ್ನೊಂದರಲ್ಲಿ ‘ಹೆಚ್.’ ಎಂದು ಶುರುವಾಗುತ್ತದೆ. ಪುಣ್ಯಕ್ಕೆ ನಮ್ಮಲ್ಲಿ ಅದು ಡೆಸ್ಕಿನ ಜಗಳವಾಗಿಯೇ ಉಳಿದಿದೆ.

ಹಕಾರವೆಂದರೆ ಇಂಗ್ಲೆಂಡಿಗೂ ಹಳೆ ಮೈಸೂರಿಗೂ ವಿಚಿತ್ರವಾದ ಹೋಲಿಕೆ. ಲಂಡನ್ನಿನ ಕಾಕ್ನಿಯವರು ‘ಹೌಸ್’ ಅನ್ನು ‘ಔಸ್’ ಎನ್ನುತ್ತಾರೆ. ನಾಜೂಕಾಗಿ ಮಾತಾಡಲು ಹೊರಟಾಗ ಇಲ್ಲದ ಕಡೆ ಹಕಾರ ತುರುಕಿ ‘ಹ್ಯಾಪಲ್’ ಅನ್ನುವುದೂ ಉಂಟು. ವಿಕ್ಟೋರಿಯಾ ಕಾಲದ ಕಾದಂಬರಿಗಳಿಗೆ ಇದು ಅಗ್ಗದ ನಗುವಿನ ಸರಕಾಗಿತ್ತು. ನಮ್ಮಲ್ಲಿ ‘ಹಾಲು’ ‘ಆಲು’ ಆಗುವುದನ್ನೂ ‘ಹೋಟೆಲ್’ ‘ಓಟ್ಲು’ ಆಗುವುದನ್ನೂ ಸಿನಿಮಾ ಹಾಸ್ಯಗಾರರು ಸಾಕಷ್ಟು ಹಿಂಡಿದ್ದಾರೆ. ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆದದ್ದನ್ನು ಯಾರೂ ಇಂದು ಕೆಟ್ಟ ಕನ್ನಡ ಎಂದು ಹೇಳುವುದಿಲ್ಲ. ಅದೇ ದಾರಿಯಲ್ಲಿ ಮುಂದಿನ ಹೆಜ್ಜೆ ಇಟ್ಟವರು ಮಾತ್ರ ನಗೆಪಾಟಲು. ಇಂಗ್ಲಿಷಿನವರು ನಮ್ಮ ನಾಲಿಗೆಯನ್ನು ಹೀಗಳೆದರು ಎಂದು ದೂರುವ ಮೊದಲು ಇದನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕನ್ನಡಿಗರ ಇಂಗ್ಲಿಷೆಂದು ಒಂದೇ ಇಲ್ಲ. ‘ಬ್ಯಾಡ’, ‘ಮ್ಯಾಲೆ’ ಎನ್ನುವ ಬಯಲುಸೀಮೆಯವರಿಗೆ ‘ಬ್ಯಾಂಕಿ’ನ ಸ್ವರ ಮನೆಯಲ್ಲೇ ಇದೆ, ‘ಬೇಡ’, ‘ಮೇಲೆ’ ಎಂದು ಪುಸ್ತಕದಂತೆ ನುಡಿಯುವ ಕರಾವಳಿಯಲ್ಲಿ ‘ಬೇಂಕು’ ಎಂಬ ರೂಪ ಬಹಳ ಕಾಲ ಬರಹದಲ್ಲೂ ಇತ್ತು. ಗ್ರಾಂಥಿಕವೆಂದು ಹೆಸರಾದ ಕನ್ನಡಕ್ಕೆ ಇಲ್ಲದ ಅನುಕೂಲ ‘ಒರಟು’ ಕನ್ನಡಕ್ಕೆ ಇತ್ತು ಅನ್ನಿ. ಎಕಾರದಿಂದ ಶುರುವಾಗುವ ಪದಕ್ಕೆ ಯಕಾರದ, ಒಕಾರದ್ದಕ್ಕೆ ವಕಾರದ ಆಸರೆ ಕೊಡುವುದು ನಾಡಿನ ಬಹುತೇಕ ಕಡೆ ಇದೆ: ‘ಯೆಲೆಕ್ಷನ್’, ‘ವನ್ಲಿ’. ಇಂಗ್ಲಿಷಿನ ಟಕಾರ ನಮ್ಮ ತಕಾರಕ್ಕೂ ಟಕಾರಕ್ಕೂ ನಡುವೆ, ಹಲ್ಲಿನ ಹಿಂದಿನ ದಿಂಡಿನಲ್ಲಿ ಹುಟ್ಟುತ್ತದೆ. ನಮ್ಮ ಕಿವಿಗೆ ಅದು ಟಕಾರದ ಹತ್ತಿರ ಕೇಳಿಸುವುದರಿಂದ ನಾಲಿಗೆ ಮಡಚಿ ‘ಟೀ’ ಎನ್ನುತ್ತೇವೆ. ‘ಥ್ಯಾಂಕ್ಸ್’, ‘ದಟ್’ಗಳಲ್ಲಿ ಗಾಳಿ ಉಜ್ಜುವ ಬದಲು ಹಲ್ಲಿಗೆ ತಟ್ಟುತ್ತೇವೆ. ಐರ್ಲೆಂಡಿನಲ್ಲೂ ಬಹಳ ಜನ ತಟ್ಟುವವರೇ. ಲಂಡನ್ನಿನ ಹುಡುಗರು ‘ಥಿಂಕ್’ ಅನ್ನು ‘ಫಿಂಕ್’ ಅನ್ನುತ್ತಾರೆ. ‘ವೈನ್’ ಎಂದಾಗ ದ್ರಾಕ್ಷಿಯ ಬಳ್ಳಿಯೋ ಅದರ ಮದ್ಯವೋ ಎಂಬುದು ನಮ್ಮಲ್ಲಿ ಸಂದರ್ಭದಿಂದಲೇ ಗೊತ್ತಾಗಬೇಕು.

ಇದರಲ್ಲಿ ಯಾವುದರಿಂದ ಮಾತು ನಿಜವಾಗಿ ಕೆಡುತ್ತದೆ? ಈ ಪ್ರಶ್ನೆಯನ್ನು ಅಳತೆಗೆ ಹಚ್ಚಿದವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ಆರ್.ಕೆ. ಬನ್ಸಲ್. 1969ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಭಾರತೀಯರ ಇಂಗ್ಲಿಷು ಬ್ರಿಟಿಷ್ ಕೇಳುಗರಿಗೆ ಸರಾಸರಿ ನೂರಕ್ಕೆ 70ರಷ್ಟು ಅರ್ಥವಾಗಿತ್ತು. ಅಡ್ಡಿ ಮಾಡಿದ್ದರಲ್ಲಿ ದೊಡ್ಡದು ಟಕಾರವಲ್ಲ, ಥಕಾರವೂ ಅಲ್ಲ, ಪದದೊಳಗಿನ ಒತ್ತು. ಕನ್ನಡದಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ನಡೆಯುತ್ತವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎದ್ದು ನಿಂತರೆ ಅಕ್ಕಪಕ್ಕದವು ಕುಸಿದು ಕೂರುತ್ತವೆ, ಕೇಳುಗರು ಆ ಎದ್ದ ಅಕ್ಷರವನ್ನು ಹಿಡಿದೇ ಪದವನ್ನು ಗುರುತಿಸುತ್ತಾರೆ. ‘ಡೆವಲಪ್’ನಲ್ಲಿ ಎರಡನೆಯದರ ಮೇಲೆ ಬೀಳಬೇಕಾದ ಒತ್ತನ್ನು ಮೊದಲನೆಯದರ ಮೇಲೆ ಹಾಕಿದರೆ, ಬಿಡಿ ಸದ್ದುಗಳೆಲ್ಲ ಸರಿಯಿದ್ದರೂ ಅವರು ಒಂದು ಕ್ಷಣ ಎಡವುತ್ತಾರೆ. 

ಕೇಳುವವರ ಪಾಲಿಗೆ ಬರೋಣ. 1990ರ ಸುಮಾರಿಗೆ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ ಒಂದು ಪ್ರಯೋಗ ಮಾಡಿದರು. ಅಪ್ಪಟ ಅಮೆರಿಕನ್ ಉಚ್ಚಾರಣೆಯ ಒಬ್ಬರಿಂದ ಪಾಠ ಧ್ವನಿಮುದ್ರಿಸಿ ವಿದ್ಯಾರ್ಥಿಗಳಿಗೆ ಕೇಳಿಸಿದರು. ಒಂದು ಗುಂಪಿಗೆ ಪಾಠ ಮಾಡುತ್ತಿರುವವರೆಂದು ಬಿಳಿಯ ಮಹಿಳೆಯ ಚಿತ್ರ ತೋರಿಸಲಾಯಿತು, ಇನ್ನೊಂದು ಗುಂಪಿಗೆ ಏಷ್ಯಾದ ಮಹಿಳೆಯದು. ದನಿ ಅದೇ, ಟೇಪು ಅದೇ. ಏಷ್ಯಾದ ಮುಖ ಕಂಡವರು ಪರದೇಶಿ ಉಚ್ಚಾರಣೆ ಕೇಳಿಸಿತೆಂದರು. ಪಾಠವೂ ಅವರಿಗೆ ಕಡಿಮೆ ಅರ್ಥವಾಯಿತು. 1992ರಲ್ಲಿ ಪ್ರಕಟವಾದ ಈ ಫಲಿತಾಂಶ ಉಚ್ಚಾರಣಾ ತರಬೇತಿಯ ಮೇಷ್ಟ್ರುಗಳಿಗೆಲ್ಲ ತುಸು ಇರುಸುಮುರುಸಿನದು. ನಾಲಿಗೆಯನ್ನು ಎಷ್ಟು ತಿದ್ದಿದರೂ ಮುಖವನ್ನು ತಿದ್ದಲಾಗದು.

ಹವಾಯಿಯಲ್ಲಿ ನಡೆದದ್ದು ಪ್ರಯೋಗವಲ್ಲ, ಬದುಕಿನ ಪ್ರಶ್ನೆ. 1981ರಲ್ಲಿ ಹೊನೊಲುಲು ನಗರದ ವಾಹನ ನೋಂದಣಿ ಕಚೇರಿಯ ಗುಮಾಸ್ತೆ ಹುದ್ದೆಗೆ ಫಿಲಿಪ್ಪೀನ್ಸ್ ಮೂಲದ ಮ್ಯಾನುಯೆಲ್ ಫ್ರಗಾಂಟೆ ಅರ್ಜಿ ಹಾಕಿದರು. ಲಿಖಿತ ಪರೀಕ್ಷೆ ಬರೆದ 721 ಮಂದಿಯಲ್ಲಿ ಅವರದ್ದೇ ಮೊದಲ ಸ್ಥಾನ. ಸಂದರ್ಶನದಲ್ಲಿ ಉಚ್ಚಾರಣೆ ದಪ್ಪವಾಯಿತೆಂದು, ಕೌಂಟರಿನಲ್ಲಿ ಜನರಿಗೆ ಅರ್ಥವಾಗದೆಂದು ಕೆಲಸ ಕೊಡಲಿಲ್ಲ. ಅವರು ಕೋರ್ಟಿಗೆ ಹೋದರು. 1989ರಲ್ಲಿ ಮೇಲ್ಮನವಿ ನ್ಯಾಯಾಲಯವೂ ನಗರಾಡಳಿತದ ಪರವಾಗಿಯೇ ತೀರ್ಪು ಕೊಟ್ಟಿತು: ಮಾತಿನ ಸ್ಪಷ್ಟತೆ ಆ ಕೆಲಸಕ್ಕೆ ಬೇಕಾದ ಅರ್ಹತೆ, ಇದು ಮೂಲದೇಶದ ಮೇಲಿನ ತಾರತಮ್ಯವಲ್ಲ. ಜನರೊಡನೆ ಮಾತಾಡುವ ಕೆಲಸಕ್ಕೆ ಮಾತು ತಿಳಿಯಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ತಿಳಿಯುತ್ತದೋ ಇಲ್ಲವೋ ಎಂದು ಕೌಂಟರಿನಲ್ಲಿ ಕೂರಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಒಂದು ಚಿಕ್ಕ ಸಂದರ್ಶನದ ಅಭಿಪ್ರಾಯವೇ ಅಳತೆಯಾಯಿತು. ಹವಾಯಿ ಬೇರೆ ಹತ್ತಾರು ಉಚ್ಚಾರಣೆಗಳ ದ್ವೀಪಸಮೂಹ.

ಬೆಂಗಳೂರಿಗೆ ಈ ಕತೆ ಕಾಲ್ ಸೆಂಟರುಗಳ ಜೊತೆ ಬಂತು. 2000ದ ಆಸುಪಾಸಿನಲ್ಲಿ ‘ವಾಯ್ಸ್ ಅಂಡ್ ಆಕ್ಸೆಂಟ್’ ಟ್ರೇನರ್ ಎಂಬ ಹೊಸ ಉದ್ಯೋಗವೇ ಹುಟ್ಟಿಕೊಂಡಿತು. ಆ ಲೋಕದಲ್ಲಿ ‘ಎಂಟಿಐ’ ಎಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್. ಇಂಟರ್‌ವ್ಯೂ ಮುಗಿಸಿ ಬಂದವರು ‘ಎಂಟಿಐ ಜಾಸ್ತಿ ಅಂತ ರಿಜೆಕ್ಟ್ ಮಾಡಿದ್ರು’ ಎಂದು ಕಾಯಿಲೆಯ ಹೆಸರು ಹೇಳುವಂತೆ ಹೇಳುತ್ತಿದ್ದರು. ಹಗಲು ಮನೆಯಲ್ಲೊಂದು ಹೆಸರು, ರಾತ್ರಿ ಫೋನಿನಲ್ಲಿ ಇನ್ನೊಂದು. ಕ್ರಮೇಣ ಅಮೆರಿಕನ್ನರಂತೆ ನಟಿಸುವುದು ಕಡಿಮೆಯಾಗಿ ‘ನ್ಯೂಟ್ರಲ್ ಆಕ್ಸೆಂಟ್’ ಎಂಬ ಮಾತು ಚಾಲ್ತಿಗೆ ಬಂತು. ಯಾವ ಊರಿನದೂ ಅಲ್ಲದ ಬಾಯಿ ಎಲ್ಲಿದೆಯೋ ಕಾಣೆ. ಊರು ಗೊತ್ತಾಗಬಾರದು ಎಂಬುದಷ್ಟೇ ಅದರ ಇಂಗಿತ. ಈ ಇಪ್ಪತ್ತೈದು ವರ್ಷಗಳಲ್ಲಿ ಬೆಂಗಳೂರಿನ ನಾಲಿಗೆ ಬದಲಾಗಿರುವುದಂತೂ ನಿಜ. ಸರಕಾರಿ ಕಚೇರಿಯಲ್ಲಿ ‘ಶೆಡ್ಯೂಲ್ಡ್ ಕಾಸ್ಟ್’ ಎಂದು ಬ್ರಿಟಿಷರಂತೆ ನುಡಿದವರೇ ಸಾಫ್ಟ್‌ವೇರ್ ಕಚೇರಿಯ ಮೀಟಿಂಗಿಗೆ ‘ಸ್ಕೆಜೂಲ್’ ಹಾಕುತ್ತಾರೆ. ಎರಡೂ ಅದೇ ಪದವೆಂದು ಅವರಿಗೆ ನೆನಪಾಗುವುದೂ ಕಡಿಮೆ.

ಈಗ ಯಂತ್ರಗಳ ಸರದಿ. ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಈ ಐದೂ ಕಂಪನಿಗಳ ಧ್ವನಿ ಗುರುತಿಸುವ ತಂತ್ರಾಂಶಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬಿಳಿಯರ ಮಾತಿನಲ್ಲಿ ನೂರಕ್ಕೆ 19 ಪದ ತಪ್ಪಿದರೆ ಕರಿಯರ ಮಾತಿನಲ್ಲಿ 35 ಪದ ತಪ್ಪಿದ್ದವು. ಇಬ್ಬರೂ ಅಮೆರಿಕನ್ನರೇ, ಇಬ್ಬರದ್ದೂ ಮನೆಮಾತು ಇಂಗ್ಲಿಷೇ. ಯಂತ್ರಕ್ಕೆ ಯಾವ ದನಿ ಹೆಚ್ಚು ಉಣಿಸಿದ್ದರೋ ಅದೇ ಅದಕ್ಕೆ ಸ್ಪಷ್ಟ ದನಿ. ಸ್ಕಾಟ್ಲೆಂಡಿನ ಒಂದು ಟಿವಿ ಹಾಸ್ಯದಲ್ಲಿ ಇಬ್ಬರು ಮಾತು ಕೇಳುವ ಲಿಫ್ಟಿನೊಳಗೆ ಸಿಕ್ಕಿಕೊಂಡು ‘ಇಲೆವನ್’ ‘ಇಲೆವನ್’ ಎಂದು ಅರಚಿದರೂ ಅದು ಅಲುಗುವುದಿಲ್ಲ. ಕೇಳುಗರಿಗೆ ಉಚ್ಚಾರಣೆ ಅರ್ಥವಾಗದ ತೊಂದರೆಗೆ ಪರಿಹಾರವೆಂದು 2020ರಲ್ಲಿ ಶುರುವಾದ ಸನಾಸ್ ಎಂಬ ಅಮೆರಿಕದ ಕಂಪನಿ ಮಾತಾಡುತ್ತಿರುವಾಗಲೇ ಉಚ್ಚಾರಣೆಯನ್ನು ಬದಲಾಯಿಸಿ ಕೇಳಿಸುವ ತಂತ್ರಾಂಶ ತಂದಿದೆ. ಭಾರತದ ಕಾಲ್ ಸೆಂಟರುಗಳಲ್ಲಿ ಅದರ ಬಳಕೆಯೂ ಶುರುವಾಗಿದೆ. ಕೆಲಸಗಾರರಿಗೆ ಬೈಗುಳ ಕಡಿಮೆಯಾಗುತ್ತದೆ, ಗಂಟಲಿಗೆ ಬಿಡುವು ಸಿಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಕಿವಿಗೆ ಅಭ್ಯಾಸವಾಗುವುದು ಕೇಳಿಕೇಳಿಯೇ. ಹೊಸ ದನಿ ತಲುಪದಂತೆ ನಡುವೆ ಜರಡಿ ಹಿಡಿದರೆ ಆ ಕಿವಿ ಇದ್ದಲ್ಲೇ ಇರುತ್ತದೆ.

ತರಗತಿಯಲ್ಲಿ ಏನು ಮಾಡಬೇಕೆಂಬುದಕ್ಕೆ ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಬರೆದ ಪುಸ್ತಕ ಒಂದು ದಾರಿ ಹಾಕಿಕೊಟ್ಟಿದೆ. ಬೇರೆಬೇರೆ ಮನೆಮಾತಿನವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲಿ ಅರ್ಥ ಕೆಟ್ಟಿತೆಂದು ಗಮನಿಸಿ, ಕಾಪಾಡಲೇಬೇಕಾದ ಸದ್ದುಗಳನ್ನು ಅವರು ಬೇರೆ ತೆಗೆದರು. ಥಕಾರದ ಉಜ್ಜುವಿಕೆ ಆ ಪಟ್ಟಿಯಲ್ಲಿಲ್ಲ. ಹ್ರಸ್ವ-ದೀರ್ಘ ಭೇದ ಇದೆ, ವಾಕ್ಯದಲ್ಲಿ ಮುಖ್ಯ ಒತ್ತು ಎಲ್ಲಿ ಬೀಳಬೇಕೆಂಬುದೂ ಇದೆ. ‘ಶಿಪ್’ ಮತ್ತು ‘ಶೀಪ್’, ‘ಫುಲ್’ ಮತ್ತು ‘ಫೂಲ್’ ಬೇರೆ ಮಾಡಲು ಸ್ಪೇನಿನವರು, ಇಟಲಿಯವರು ಒದ್ದಾಡುತ್ತಾರೆ. ಕಾಗುಣಿತ ಕಲಿತ ಕನ್ನಡದ ಮಕ್ಕಳಿಗೆ ಅದು ಒಂದು ದೀರ್ಘದ ಕೆಲಸ. ಪದದೊಳಗಿನ ಒತ್ತಿನ ಬಗ್ಗೆ ಬನ್ಸಲ್ ಹೇಳಿದ್ದನ್ನೂ ಜೊತೆಗಿಟ್ಟುಕೊಂಡರೆ, ಕನ್ನಡ ಶಾಲೆಯ ಇಂಗ್ಲಿಷ್ ಮೇಷ್ಟ್ರಿಗೆ ನಾನು ಕೊಡಬಹುದಾದ ಸಲಹೆ ಚಿಕ್ಕದು. ಥಕಾರ, ಟಕಾರ ಬಿಟ್ಟುಬಿಡಿ. ಸಿಕ್ಕ ಹೊತ್ತನ್ನು ಒತ್ತಿಗೆ ಕೊಡಿ. ‘ಫೋಟೋಗ್ರಾಫ್’ನಲ್ಲಿ ಮೊದಲನೆಯ ಅಕ್ಷರಕ್ಕೆ, ‘ಫೊಟಾಗ್ರಫರ್’ನಲ್ಲಿ ಎರಡನೆಯದಕ್ಕೆ, ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯದಕ್ಕೆ ಚಪ್ಪಾಳೆ ತಟ್ಟಿಸಿದರೆ ಮಕ್ಕಳು ಒಂದು ಪೀರಿಯಡ್ಡಿನಲ್ಲಿ ಹಿಡಿಯುತ್ತಾರೆ. ಜೊತೆಗೆ ಗ್ಲಾಸ್ಗೋದವರ, ಲಾಗೋಸಿನವರ, ಟೆಕ್ಸಸ್ಸಿನವರ, ಮನಿಲಾದವರ ಮಾತನ್ನು ಮೊಬೈಲಿನಲ್ಲಿ ಕೇಳಿಸಿ. ಮುಂದೆ ಆ ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡುವುದು ಹೆಚ್ಚಾಗಿ ಇಂಥವರ ಜೊತೆಗೇ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆ ಬರವಣಿಗೆಯದ್ದಾಗಿರುವ ತನಕ ಇದಕ್ಕೆ ಹೊತ್ತು ಹೊಂದಿಸುವುದು ಮೇಷ್ಟ್ರ ಸ್ವಂತ ಜವಾಬ್ದಾರಿ.